ನೆಲಕ್ಕಿಳಿದ ಮುದುಕ

ಫೆಬ್ರವರಿ ೧೧, ರಾತ್ರಿ

ಅಜ್ಜಿಯ ದಿನಚರಿ ಕದ್ದು ಓದಲು ನಾಚಿಕೆಯಾಗುವುದಿಲ್ಲವೇನೇ, ಪಲ್ಲೂಕ್? ನೀನು ಅಂಗಡಿ ಸುತ್ತುತ್ತಿದ್ದಾಗ ಏನಾಯಿತೆಂದಾದರೂ ತಿಳಿದುಕೋ.

ಮೈಗೆ ಬಲ ಬರದೆ ಆಪರೇಷನ್ ಇಲ್ಲ ಎಂದು ಡಾಕ್ಟರು ಹೇಳಿದರೂ ನಿನ್ನ ತಾತ ಆಸ್ಪತ್ರೆಯ ಊಟ ಮುಟ್ಟಿರಲಿಲ್ಲವಲ್ಲ. ಉತ್ತರದ ಹಿಮನಾಡಿನಿಂದ ಈ ದೂರದ ಪಟ್ಟಣಕ್ಕೆ ಬರುವ ನಮ್ಮ ಇನುಯಿಟ್ ಜನದ ರೋಗಿಗಳ ನೆರವಿಗೆಂದೇ ಆಸ್ಪತ್ರೆಯಲ್ಲಿರುವ ಲೀತಿಯಾ ಇವತ್ತು ನಮ್ಮ ಕಡೆಯ ಹೆಪ್ಪುಗಟ್ಟಿದ ಮೀನು ತಂದು, ಊರಲ್ಲಿ ನಾವು ಊಟಕ್ಕೆ ಕೂರುವ ಹಾಗೆಯೇ ನೆಲಕ್ಕೆ ರಟ್ಟು ಹಾಸಿದಳು. ಮುದುಕ ತಾನಾಗಿ ಮಂಚ ಇಳಿದು ಕೂತ. ನಾನು ಹಸಿ ಮೀನು ಹೆರೆದು ಕೊಟ್ಟೆ.

ಹೊಸ ನರ್ಸು ಓಡಿ ಬಂದಳು. "ಅಯ್ಯೋ, ತಾತ ಬಿದ್ದುಬಿಟ್ರಾ?"

"ಬಿದ್ದಿಲ್ಲ ಕಣಮ್ಮ, ಊಟಕ್ಕೆ ಕೂತವ್ರೆ. ನೀನೂ ಕೂತ್ಕೋ," ಅಂದೆ.

"ಮೊದ್ಲು ನಂಗೆ ಕೊಡು. ನಿನ್ ಕೈ ಯಾವಾಗ್ಲೂ ನಿಧಾನ," ಎಂದು ಮುದುಕ ಬೈದ. ಆ ಬೈಗುಳ ಕೇಳಿ ಎಷ್ಟು ದಿನವಾಗಿತ್ತು!

ನಿಮ್ಮಪ್ಪ ಊರಿಂದ ಇನ್ನೊಂದು ಮೀನು ಯಾವಾಗ ಕಳಿಸುತ್ತಾನೆ ಕೇಳು. ಹೇಗೂ ಕದ್ದು ಓದುತ್ತೀಯಲ್ಲ, ಈ ತಿಂಗಳು ಮುಗಿಯುವ ಮೊದಲೇ ಇಲ್ಲೇ ಕೆಳಗೆ ಉತ್ತರ ಬರೆದಿಡು.