ಬೀಜ ಬಿಡುವ ಬಳ್ಳಿ

ಜೂನ್ ೧೪, ಶನಿವಾರ

ಮರದರಶಿನದ ಬಳ್ಳಿಗಳನ್ನು ಅಪ್ಪನಂಥ ನಾಟಿವೈದ್ಯರೇ ಮುಗಿಸಿದರು ಎಂದು ಕಾಲೇಜಿನಲ್ಲಿ ಪಾಠ ಮಾಡುತ್ತ ಬಂದವಳು ನಾನು. ಇವತ್ತು ಆ ಮಾತು ಚುಚ್ಚುತ್ತಿದೆ.

ಅಪ್ಪನಿಗೆ ಮದ್ದಿನ ಬೇರು, ಬಳ್ಳಿ ತಂದುಕೊಡುತ್ತಿದ್ದ ಮಮ್ಮು ಬ್ಯಾರಿ ಬೆಳಿಗ್ಗೆ ನನ್ನನ್ನು ಚಾರ್ಮಾಡಿಯ ಕೆಳಗಿನ ಕಾಡಿಗೆ ಕರೆದುಕೊಂಡು ಹೋದರು. ಅವರು ತಂದ ಕಾಂಡವನ್ನು ಅಪ್ಪ ಜಗಲಿಯಲ್ಲಿ ಕೊಚ್ಚುತ್ತಿದ್ದದ್ದು, ಕಾಮಾಲೆಯವರು ಕಾದು ಕೂರುತ್ತಿದ್ದದ್ದು, ಚೂರು ಹೆಕ್ಕಿ ನನ್ನ ಅಂಗೈ ಹಳದಿಯಾಗುತ್ತಿದ್ದದ್ದು ದಾರಿಯುದ್ದಕ್ಕೂ ನೆನಪಾಯಿತು.

ಸಸಿ ಮಾಡಲು ಬೀಜ ಬೇಕೆಂದು ಮೂರು ವರ್ಷ ಹುಡುಕಿದರೂ ನಮ್ಮ ಕಾಲೇಜಿನವರಿಗೆ ಸಿಕ್ಕಿದ್ದು ಕಾಯಿ ಬಿಡದ ಗಂಡುಬಳ್ಳಿಗಳು ಮಾತ್ರ. ಇವತ್ತು ಅವರು ತೋರಿಸಿದ ಬಳ್ಳಿಯ ತುಂಬ ಕಾಯಿ.

"ಇದನ್ನು ಕಡಿಯಲಿಕ್ಕೆ ಹೊರಟಿದ್ದೆ ಟೀಚರ್. ನಿಮ್ಮ ಅಪ್ಪ ನನ್ನ ಕೈ ಹಿಡಿದರು. ಇದು ಬೀಜದ್ದು ಮಾರಾಯ, ಇದೊಂದು ಇರಲಿ ಅಂದರು."

"ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ?"

"ಯಾರಿಗೂ ಹೇಳುವುದಿಲ್ಲ ಅಂತ ಅವರಿಗೆ ಮಾತು ಕೊಟ್ಟದ್ದುಂಟು. ಈಗ ನನಗೂ ವಯಸ್ಸಾಯ್ತು. ಇನ್ನು ಇದನ್ನು ಯಾರು ನೋಡಿಕೊಳ್ಳುವುದು?"

ಬಳ್ಳಿಯ ಬುಡದಲ್ಲಿ ಕೂತು ಉದುರಿದ ಹಣ್ಣುಗಳನ್ನು ಹೆಕ್ಕಿದೆ. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು.

ಸಂಜೆ ಕುಂಡದಲ್ಲಿ ಬೀಜ ಬಿತ್ತಿದೆ. ಕುಂಡಕ್ಕೆ ಅಂಟಿಸುವ ಚೀಟಿಯಲ್ಲಿ ಬೀಜ ಸಿಕ್ಕಿದ ಜಾಗದ ಹೆಸರು ಬರೆಯಬೇಕಿತ್ತು. ನೋಡಿದರೆ ಅಪ್ಪನ ಹೆಸರು ಬರೆದಿದ್ದೇನೆ. ನಾಳೆ ತಿದ್ದಬೇಕು. ತಿದ್ದಲು ಮನಸ್ಸು ಬರುತ್ತಿಲ್ಲ.