ಅಪ್ಪನ ಬಾನಿಗೆ ಹೆಪ್ಪು

ಬ್ರೆಕ್ಕೆ ಮನೆ, ವೊಸ್
ಭಾನುವಾರ, ನವೆಂಬರ್ ೮, ೧೯೬೪

ಪ್ರೀತಿಯ ಹೆರ್ಬೋರ್ಗ್ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಕಾರ್ಮೊಯ್ ದ್ವೀಪದ ಗಾಳಿಗೆ ಕಲ್ಲೇ ಸವೆಯುತ್ತದೆ, ಇನ್ನು ಮಂಡಿ ಎಷ್ಟರದು. ಎಲಿಯಾಸ್ ಭಾವನ ಕೆಮ್ಮು ಕಡಿಮೆಯಾಯಿತೆ? ಪ್ರಾರ್ಥನಾಮಂದಿರದಲ್ಲಿ ಈ ಚಳಿಗಾಲವೂ ಅವರೇ ಓದುತ್ತಿದ್ದರೆ ಗಂಟಲಿಗೆ ಬಿಸಿ ಹಾಲು ಕೊಡು. ಇಲ್ಲಿ ಆಲೂಗಡ್ಡೆ ನೆಲಮಾಳಿಗೆಗೆ ಬಂತು, ಕುರಿ ಕೊಟ್ಟಿಗೆಗೆ ಬಂತು, ಹಿಮ ಗುಡ್ಡದ ನೆತ್ತಿಗೆ ಬಂತು. ನನ್ನದು ಒಂದು ಹಲ್ಲು ಹೋಯಿತು, ಸೊಲ್ಲು ಮಾತ್ರ ಉಳಿಯಿತು. ಶಾಲೆಯ ಮಕ್ಕಳು ಎರಡಕ್ಕೂ ನಗುತ್ತಾರೆ. ಈ ಸಲ ನಿನ್ನನ್ನು ಒಂದು ಕೇಳುವುದಿದೆ. ಕೇಳುವುದು ನಮ್ಮ ಮನೆತನದವರಿಗೆ ಬಾರದ ವಿದ್ಯೆ, ನಿನಗೆ ಗೊತ್ತೇ ಇದೆ. ಆದ್ದರಿಂದ ಸ್ವಲ್ಪ ಸುತ್ತಿ ಬರುತ್ತೇನೆ, ಬೇಸರಪಡಬೇಡ.

ಅಪ್ಪನ ವಿಚಾರ. ಮಾರ್ಚಿನಲ್ಲಿ ಲಕ್ವ ಹೊಡೆದದ್ದನ್ನು ಬರೆದಿದ್ದೆ. ಕಾಲು ಎಳೆದುಕೊಂಡು ನಡೆಯುತ್ತಾರೆ. ಬಲಗೈ ನೋಡಲು ಕೈಯಂತೆಯೇ ಇದೆ, ಹೇಳಿದರೆ ಮೆಲ್ಲಗೆ ಎದ್ದೂ ಬರುತ್ತದೆ, ಆದರೆ ಬಿಸಿ ತಣ್ಣಗೆ ಒಂದೂ ಅದಕ್ಕೆ ಮುಟ್ಟುವುದಿಲ್ಲ. ಸೆಪ್ಟೆಂಬರಿನಲ್ಲಿ ಡಾಕ್ಟರು ಬಂದು ನೋಡಿ, ನನ್ನನ್ನು ಹೊರಗೆ ತಮ್ಮ ಕಾರಿನ ಬಳಿ ಕರೆದು, ಮುಂದಿನ ವಸಂತವನ್ನು ಅಪ್ಪನ ಲೆಕ್ಕದಲ್ಲಿ ಇಟ್ಟುಕೊಳ್ಳಬೇಡ ಎಂದರು. ಒಳಗೆ ಬಂದರೆ ಅಪ್ಪ ಕಿಟಕಿಯಲ್ಲೇ ಕೂತಿದ್ದಾರೆ. "ಏನಂದ್ರೋ ಡಾಕ್ಟ್ರು?" ಕಾರು ಸ್ಟಾರ್ಟ್ ಆಗುತ್ತಿಲ್ಲವಂತೆ ಎಂದೆ. "ಓಹೋ, ಕಾರು ಎಷ್ಟು ದಿನ ಬದುಕುತ್ತಂತೆ?" ಎಂದರು. ಅಷ್ಟೇ. ಆಮೇಲೆ ಅಟ್ಟದಿಂದ ಮೊಳಕೆ ಬಾರ್ಲಿಯ ಚೀಲ ಇಳಿಸಲು ಹೇಳಿದರು. ಅವರ ಮಣ್ಣಿನ ದಿನದ ಬಿಯರಿಗೆಂದು ಬೇರೆ ಎತ್ತಿಟ್ಟಿದ್ದ ಚೀಲ. ಹೆಣ ಹೊತ್ತವರು ಚರ್ಚಿನಿಂದ ಬಾಯಾರಿ ಬಂದಾಗ ಸತ್ತವನ ಮನೆಯ ಬಿಯರ್ ಇಲ್ಲದಿದ್ದರೆ ಸತ್ತವನಿಗೇ ಅವಮಾನ ಎನ್ನುವುದು ನಮ್ಮ ಕಣಿವೆಯ ಮಾತು. "ಎಲ್ರೂ ಕುಡೀತಾರೆ, ನಾನೊಬ್ನೇ ಮಲಗಿರ್ತೀನಿ. ಇದೆಂಥ ನ್ಯಾಯ? ನಾನು ರುಚಿ ನೋಡೇ ಹೋಗೋದು" ಎಂದರು.

ಹಾಗೆ ಸೆಪ್ಟೆಂಬರಿನ ಕೊನೆಗೆ ಒಲೆ ಹೊತ್ತಿಸಿದೆವು. ಜುನಿಪರ್ ಸೊಪ್ಪು ಕುದಿಸಿದ ನೀರಿನ ವಾಸನೆಗೆ ನಿನ್ನ ನೆನಪಾಯಿತು. ಚಿಕ್ಕಂದಿನಲ್ಲಿ ಆ ಹಬೆಗೆ ತಲೆ ಒಡ್ಡಿ ನಿಲ್ಲುತ್ತಿದ್ದೆಯಲ್ಲ. ಬಾರ್ಲಿಯ ಸಿಹಿನೀರು ಬಾನಿಗೆ ಇಳಿಯಿತು. ಇನ್ನು ಹೆಪ್ಪು ಹಾಕುವುದೊಂದೇ ಬಾಕಿ. ಒಲೆಯ ಮೇಲಿನ ಮೊಳೆಯಿಂದ ಹೆಪ್ಪಿನ ಬಳೆ ಇಳಿಸಿ ಅಪ್ಪನ ಮಡಿಲಲ್ಲಿಟ್ಟೆ. ಅಜ್ಜನ ಅಪ್ಪ ಚಿಕ್ಕ ಚಿಕ್ಕ ಮರದ ತುಂಡುಗಳನ್ನು ಒಂದಕ್ಕೊಂದು ಹಲ್ಲು ಕಚ್ಚಿಸಿ ಕಟ್ಟಿದ ಅದೇ ಬಳೆ. ನೊರೆಯಲ್ಲಿ ಅದ್ದಿ ಒಣಗಿಸಿ, ಮುಂದಿನ ಸಲಕ್ಕೆ ನೇತುಹಾಕಿ, ಹೀಗೇ ನಾಲ್ಕು ತಲೆಮಾರು ಜೀವ ಹಿಡಿದುಕೊಂಡು ಬಂದದ್ದು. ಸಿಹಿನೀರು ಆಗತಾನೇ ಕರೆದ ಹಾಲಿನಷ್ಟು ಬೆಚ್ಚಗಾದಾಗ ಬಳೆ ಬಿಡಬೇಕು. ಅಪ್ಪ ಎಂದಿನಂತೆ ಕೈ ಅದ್ದಿ ನೋಡಿದರು. "ಸರಿಯಾಗಿದೆ" ಎಂದು ಬಳೆ ಬಿಟ್ಟರು. ಬಿಟ್ಟೊಡನೆ ಹೆಪ್ಪು ಎಚ್ಚರಗೊಳ್ಳಲಿ ಎಂದು ಗಂಟಲು ಬಿರಿಯುವಂತೆ ಕೂಗಬೇಕಲ್ಲ. ಅಪ್ಪ ಅರ್ಧ ಬಾಯಲ್ಲಿ ಕೂಗಿದರು, ಕುರಿಮರಿ ಕೂಗಿದಂತಾಯಿತು. ನಾನೂ ದನಿಗೂಡಿಸಿದೆ. ನನ್ನದು ಮೇಷ್ಟ್ರ ದನಿ, ಹಾಜರಿ ಕರೆದಂತೆ ಕೇಳಿಸಿತು. ಅಕ್ಕಾ, ಅವರು ಅದ್ದಿದ್ದು ಬಲಗೈ. ಅರವತ್ತು ವರ್ಷದ ರೂಢಿ. ಕೈ ಹೊರಗೆ ಬಂದಾಗ ಮಣಿಕಟ್ಟಿನವರೆಗೆ ಬೆಂದು ಕೆಂಪಾಗಿತ್ತು. ಅವರಿಗೆ ಗೊತ್ತೇ ಆಗಲಿಲ್ಲ.

ನಮ್ಮ ಮನೆಯ ಹೆಪ್ಪು ಸಂಜೆ ಹಾಕಿದರೆ ಬೆಳಿಗ್ಗೆ ಮುಚ್ಚಳ ಎತ್ತುವ ಜಾತಿಯದು. ಆ ಬೆಳಿಗ್ಗೆ ಬಾನಿ ತೆಪ್ಪಗಿತ್ತು. ಮರುದಿನವೂ ತೆಪ್ಪಗಿತ್ತು. ಅಪ್ಪ ಕುರ್ಚಿ ಎಳೆಸಿಕೊಂಡು ಬಾನಿಗೆ ಕಿವಿ ಆನಿಸಿ ಕೂತರು, ತೊಟ್ಟಿಲ ಬಳಿ ಕೂತವರಂತೆ. ಊಟಕ್ಕೆ ಕರೆದರೆ "ತಾಳೋ, ಏನೋ ಅಂತಿದೆ" ಎನ್ನುವರು. ಏನೂ ಅನ್ನುತ್ತಿರಲಿಲ್ಲ. ಹುಳಿ ವಾಸನೆ ಬಂದ ದಿನ ಎಲ್ಲವನ್ನೂ ಹಂದಿಗೆ ಸುರಿದೆ. ಬಳೆಯನ್ನು ಮತ್ತೆ ಮೊಳೆಗೆ ಹಾಕಲು ಹೋದೆ. "ಸತ್ತದ್ದನ್ನ ಗೋಡೆಗೆ ಹಾಕಬಾರದು" ಎಂದು ಇಸಿದುಕೊಂಡು ಒಲೆಗಿಟ್ಟರು. ಆಮೇಲೆ ಹೇಳಿದರು, "ಬಾನಿ ಹಳೇದಾಯ್ತು ಕಣೋ. ಅದರದೇ ದೋಷ." ಹೌದು ಅಪ್ಪಾ, ಬಾನಿಯದೇ ದೋಷ ಎಂದೆ. ಇಬ್ಬರೂ ಹಾಗೆಂದ ಮೇಲೆ ಹೊಸ ಬಾನಿ ಮಾಡದೆ ವಿಧಿಯಿರಲಿಲ್ಲ.

ಅಮ್ಮ ಹೋದ ಚಳಿಗಾಲ ಗುಡ್ಡದ ಬಡಗಣ ನೆರಳಿನಿಂದ ಕಡಿದು ತಂದ ಪೈನ್ ಮರ ಕಣಜದ ಅಟ್ಟದಲ್ಲಿ ಒಣಗುತ್ತಿತ್ತಲ್ಲ, ಅದು ಅಪ್ಪನ ಹೆಣದ ಪೆಟ್ಟಿಗೆಗೆ ಎಂದೇ ನಾನು ತಿಳಿದಿದ್ದೆ, ಕೆಳಗೆ ಓಡಾಡುವಾಗ ತಲೆ ಎತ್ತಿ ನೋಡುತ್ತಿರಲಿಲ್ಲ. ಅದನ್ನೇ ಇಳಿಸಲು ಹೇಳಿದರು. ಹಿಂದೆ ಮುಂದೆ ನೋಡಿದೆ. "ಪೆಟ್ಟಿಗೆಗೆ ಯಾವ ಮರ ಆದ್ರೂ ನಡಿಯುತ್ತೆ. ಮಣ್ಣಿಗೆ ರುಚಿ ಗೊತ್ತಾಗಲ್ಲ. ಬಾನಿಗೆ ಒಳ್ಳೇದು ಬೇಕು" ಎಂದರು. ಅಕ್ಟೋಬರ್ ಪೂರ್ತಿ ಶಾಲೆ ಬಿಟ್ಟೊಡನೆ ಕಟ್ಟಿಗೆಮನೆ. ಅಪ್ಪ ಕುರಿಚರ್ಮ ಹೊದ್ದು ಕುರ್ಚಿಯಲ್ಲಿ, ಎಡಗೈಯಲ್ಲಿ ಒಂದು ಕೋಲು. ಕೋಲು ಮರ ತೋರಿಸಲು ಎಂದರು; ಹೆಚ್ಚು ಸಲ ತೋರಿಸಿದ್ದು ನನ್ನ ಬೆನ್ನಿಗೆ. "ಲೋ ಮೇಷ್ಟ್ರೇ, ಹಲಗೆ ಮೇಲಕ್ಕೆ ಹೋಗ್ತಾ ಹೋಗ್ತಾ ಸಣ್ಣ ಆಗ್ಬೇಕು. ನಿನ್ನ ಸಂಬಳದ ಹಾಗೆ." ಹಲಗೆಯ ಅಂಚು ಓರೆಯಾಗಿರಬೇಕು, ಎಷ್ಟು ಓರೆ ಎಂದು ಕೇಳಿದರೆ ಅಳತೆ ಹೇಳುವುದಿಲ್ಲ, "ಪಕ್ಕದವನ ಹೆಗಲಿಗೆ ಒರಗಿ ನಿಲ್ಲೋ ಅಷ್ಟು" ಎನ್ನುತ್ತಾರೆ. ನಮ್ಮ ಉದ್ದ ಹತ್ತರಿಯನ್ನು ಬೋರಲು ನಿಲ್ಲಿಸಿ ಅದರ ಬಾಯ ಮೇಲೆ ಹಲಗೆ ಓಡಿಸಿದೆ. ಬುಡಕ್ಕೆ ಒಳಗಡೆ ಕಚ್ಚು ಕೊರೆದು ತಳದ ಹಲಗೆ ಕೂರಿಸಿದೆ. ಹೇಜಲ್ ಗಿಡದ ಕೋಲು ಸೀಳಿ ನೆನೆಸಿ ಸುತ್ತ ಪಟ್ಟಿ ಬಿಗಿದೆ. ನೀರು ತುಂಬಿದೆ.

ತುಂಬಿದ ನೀರಿನಲ್ಲಿ ನನ್ನ ಬೂಟು ಮೊದಲು ನೆನೆಯಿತು. ಅಪ್ಪ ನಕ್ಕರು ಅಕ್ಕಾ. ಲಕ್ವ ಹೊಡೆದ ಮೇಲೆ ನಕ್ಕದ್ದು ಅದೇ ಮೊದಲು. ಅರ್ಧ ಮುಖ ನಗುತ್ತಿತ್ತು, ಅರ್ಧ ಮುಖ ಸುಮ್ಮನೆ ನೋಡುತ್ತಿತ್ತು. ಅವಮಾನ ಮುಚ್ಚಿಕೊಳ್ಳಲು ನಾನು, "ಹೊಸ ಬಾನಿ ಹೊಸ ಧಾಟಿ, ನೀರು ಹೋಯ್ತು ಹೊಸಿಲು ದಾಟಿ" ಎಂದೆ. "ಪ್ರಾಸದಲ್ಲಿ ಸಂದಿ ಇಲ್ಲ, ಬಾನೀಲೇ ಇರೋದು. ಉಲ್ಟಾ ಆಗಿದ್ರೆ ಬಿಯರ್ ಆದ್ರೂ ಉಳೀತಿತ್ತು" ಎಂದರು. ಎಲ್ಲವನ್ನೂ ಬಿಚ್ಚಿ, ಅಂಚು ತಿದ್ದಿ, ಸಂದಿಗೆ ಕೆರೆಯ ಜೊಂಡಿನ ಎಲೆ ಇಟ್ಟು ಮತ್ತೆ ಕಟ್ಟಿದೆ. ಕೊಡತಿ ಪೆಟ್ಟಿನ ಸದ್ದು ಕೇಳಿಯೇ ಅಪ್ಪ ಕೂತಲ್ಲಿಂದ "ಅಲ್ಲಿ ಸಡಿಲ, ಅಲ್ಲಲ್ಲ, ಅದರ ಪಕ್ಕದ್ದು" ಎನ್ನುವರು. ಎರಡನೆಯ ಸಲ ತುಂಬಿ ಒಂದು ದಿನ ಬಿಟ್ಟೆವು. ಮರ ನೆನೆದು ಉಬ್ಬಿ ಸಂದಿ ಮುಚ್ಚಿಕೊಂಡಿತು. ಅಪ್ಪ ಬಂದು ಹೊರಮೈಗೆ ಎಡಗೈ ಆಡಿಸಿ ನೋಡಿದರು. ಆಮೇಲೆ ಎಡಗೈಯಿಂದ ಬಲಗೈಯನ್ನು ಎತ್ತಿ ತಂದು ಅದನ್ನೂ ಬಾನಿಯ ಮೇಲಿಟ್ಟರು. "ಇದಕ್ಕೆ ಗೊತ್ತಾಗಲ್ಲ ಕಣೋ. ನೀನೇ ಹೇಳು, ಒಣಗಿದೆಯಾ?" ಒಣಗಿದೆ ಅಪ್ಪಾ ಎಂದೆ. ಬಾನಿಯ ದೋಷದ ಮಾತು ಅಲ್ಲಿಗೆ ಮುಗಿಯಿತು.

ಈಗ ಬಾನಿ ಇದೆ, ಬಾರ್ಲಿ ಇನ್ನೊಂದು ಚೀಲ ಒಣಗಿಸಿದ್ದೇನೆ, ಸೊಪ್ಪು ಕಡಿದು ಗೋಡೆಗೆ ಒರಗಿಸಿದ್ದೇನೆ. ಹೆಪ್ಪಿಲ್ಲ. ಮೊದಲೆಲ್ಲ ಒಂದು ಮನೆಯ ಹೆಪ್ಪು ಕೆಟ್ಟರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋದರಾಗುತ್ತಿತ್ತು. ಈಗ ಇಡೀ ಕಣಿವೆಯಲ್ಲಿ ಅಂಗಡಿಯ ಪೊಟ್ಟಣ. ನೆರೆಮನೆಯ ಶ್ಯೂರ್ ಪಾಪ ಒಳ್ಳೆಯ ಮನಸ್ಸಿನಿಂದಲೇ ಒಂದು ಪೊಟ್ಟಣ ತಂದುಕೊಟ್ಟ. "ಚಿಕ್ಕಪ್ಪಾ, ಎಲ್ಲಾ ಒಂದೇ, ನೊರೆ ಬಂದ್ರೆ ಸೈ" ಎಂದ. "ಬನ್ನು ಉಬ್ಬಿಸೋದನ್ನ ನನ್ನ ಮಣ್ಣಿಗೆ ಹಾಕ್ತೀಯೇನೋ? ಪೆಟ್ಟಿಗೆಯೊಳಗೆ ನಾನೂ ಉಬ್ಬಿದ್ರೆ ಹೊರೋರು ಯಾರು?" ಎಂದು ಅಪ್ಪ ವಾಪಸು ಕೊಟ್ಟರು. ಶ್ಯೂರ್ ನಗುತ್ತಲೇ ಹೋದ. ಅವನು ಹೋದ ಮೇಲೆ ಅಪ್ಪ ಆ ಖಾಲಿ ಮೊಳೆಯನ್ನೇ ನೋಡುತ್ತ ಕೂತರು.

ಇನ್ನೊಂದು ಬಳೆ ಇದೆಯಲ್ಲ ಅಕ್ಕಾ. ನಿನ್ನ ಮದುವೆಯ ಚಳಿಗಾಲ ಅಪ್ಪ ಹೊಸದಾಗಿ ಕಟ್ಟಿ, ನಮ್ಮ ಬಳೆಯ ಜೊತೆಗೇ ನೊರೆಯಲ್ಲಿ ಅದ್ದಿ ಒಣಗಿಸಿ ನಿನ್ನ ಪೆಟ್ಟಿಗೆಯ ತಳದಲ್ಲಿ ಇಟ್ಟದ್ದು. ಆ ಮದುವೆಯ ಮಾತನ್ನು ಈ ಹನ್ನೆರಡು ವರ್ಷ ಯಾರೂ ಆಡಿಲ್ಲ. ಬಸ್ಸು, ದೋಣಿ ಎಲ್ಲ ಹತ್ತಿಸಿ ಅಪ್ಪ ಹೊತ್ತು ತಂದ ಬಿಯರ್ ಪೀಪಾಯಿಯನ್ನು ಭಾವನ ತಂದೆ ಹೊಸಿಲ ಹೊರಗೇ ತಡೆದರು. ಕುಡಿತವನ್ನು ಪಾಪವೆಂದು ಬಿಟ್ಟ ಮನೆತನ, ಅವರ ಮನೆ, ಅವರ ನೇಮ. ಅಪ್ಪನೂ ಒಳಗೆ ಬರಲಿಲ್ಲ. ಒಳಗೆ ಕೀರ್ತನೆ, ಕಾಫಿ, ಕೇಕು; ಹೊರಗೆ ಕಡಲ ಗಾಳಿಯಲ್ಲಿ ಪೀಪಾಯಿಯ ಮೇಲೆ ಕೂತ ನಮ್ಮಪ್ಪ. ನೀನು ಕಿಟಕಿಯಿಂದ ನೋಡುತ್ತಿದ್ದೆ. ಆಮೇಲೆ ನೀನು ಈ ಮನೆಗೆ ಬರಲಿಲ್ಲ, ಅವರು ಕರೆಯಲಿಲ್ಲ. ಬಳೆ ಸಿಕ್ಕಿತು ಎಂದು ನನಗೆ ಬರೆದಿದ್ದೆಯಷ್ಟೆ.

ಅದನ್ನು ಕೇಳಿ ಬರೆಯಲೇ ಎಂದೆ ಅಪ್ಪನಿಗೆ. "ಬಳೆ ಮಾತ್ರ ಕೇಳು. ಅವಳನ್ನ ಬಾ ಅನ್ಬೇಡ. ಅವಳ ಮನೇಲಿ ಅವಳಿಗೆ ಕಷ್ಟ ಆಗೋದು ಬೇಡ" ಎಂದರು. ಹನ್ನೆರಡು ವರ್ಷ ಒಣಗಿದ ಹೆಪ್ಪು ಎದ್ದೀತೆ ಎಂದರೆ, "ನಮ್ಮ ಮನೆ ಹೆಪ್ಪು ಸಿಟ್ಟು ಇಟ್ಟುಕೊಂಡ ಹಾಗೆ ಜೀವಾನೂ ಇಟ್ಟುಕೊಳ್ಳುತ್ತೆ" ಎಂದರು. ಅದಿರಲಿ, ಈ ವಾರದಿಂದ ಎಡಗೈಯಲ್ಲಿ ಏನೋ ಕೆತ್ತುತ್ತಿದ್ದಾರೆ. ಮೊಣಕಾಲ ನಡುವೆ ಬರ್ಚ್ ಮರದ ತುಂಡು ಒತ್ತಿಹಿಡಿದು, ಉಳಿ ಜಾರಿ ಜಾರಿ, ಕೊನೆಗೆ ಒಂದು ಬಟ್ಟಲಾಯಿತು. ಸೊಟ್ಟಗಿದೆ, ಮೇಜಿನ ಮೇಲಿಟ್ಟರೆ ತಲೆಯಾಡಿಸುತ್ತದೆ. ಹಿಡಿಯ ಮೇಲೆ ಎಲಿಯಾಸ್ ಎಂದು ಕೊರೆದಿದ್ದಾರೆ, ಒಂದನೇ ತರಗತಿಯ ಮಕ್ಕಳ ಅಕ್ಷರ. ಮಣ್ಣಿನ ದಿನ ಎಲ್ಲರ ಕೈಯಲ್ಲೂ ಮರದ ಬಟ್ಟಲಿರುತ್ತದಲ್ಲ. "ಅವನೊಬ್ಬ ಬರಿಗೈಲಿ ನಿಲ್ಲೋದು ಬೇಡ. ಇದರಲ್ಲಿ ಕಾಫಿ ಕುಡೀಲಿ" ಎಂದರು. ಬಾ ಅನ್ನಬೇಡ ಎಂದವರೇ ಬಟ್ಟಲು ಮಾಡಿಟ್ಟಿದ್ದಾರೆ.

ಆದ್ದರಿಂದ ಅಕ್ಕಾ, ಬಳೆ ಇನ್ನೂ ಇದ್ದರೆ ಉಣ್ಣೆಬಟ್ಟೆಯಲ್ಲಿ ಸುತ್ತಿ ಅಂಚೆಗೆ ಹಾಕು. ತೊಳೆಯಬೇಡ, ಎಷ್ಟೇ ಧೂಳಿರಲಿ. ಬಿಸಿ ಒಲೆಯ ಬಳಿ ಇಡಬೇಡ. ಭಾವನನ್ನು ಕೇಳಿಯೇ ಕಳಿಸು, ಕದ್ದು ಕಳಿಸುವುದು ಬೇಡ. ಅವರಿಗೆ ನನ್ನ ವಂದನೆ. ನಿನ್ನ ಮಂಡಿಗೆ ಉಣ್ಣೆಯ ಪಟ್ಟಿ ಕಟ್ಟಿಕೋ. ನಮ್ಮ ಗುಡ್ಡದ ಬೆಳಕು ಅಲ್ಲಿಗೂ ಒಂದು ಚೂರು ಸಿಗಲಿ.

ನಿನ್ನ ತಮ್ಮ,
ಆಸ್ಲಾಕ್

ಮತ್ತೆ ಸೇರಿಸಿದ್ದು: ಸೋಮವಾರ ಬೆಳಿಗ್ಗೆ, ಬಸ್ಸು ಬರುವ ಹೊತ್ತು. ಲಕೋಟೆ ಒಡೆದು ಬರೆಯುತ್ತಿದ್ದೇನೆ. ನಾನು ಏಳುವಷ್ಟರಲ್ಲಿ ಅಪ್ಪನ ಮಾತು ಬಿದ್ದುಹೋಗಿದೆ. ಪ್ರಜ್ಞೆ ಇದೆ. ಡಾಕ್ಟರಿಗೆ ಹೇಳಿಕಳಿಸಿದ್ದೇನೆ. ಎಡಗೈಯಿಂದ ಮೊದಲು ಮೊಳೆ ತೋರಿಸಿದರು. ಬರೆದಿದ್ದೇನೆ ಅಪ್ಪಾ, ಬಳೆ ಬರುತ್ತೆ ಎಂದೆ. ಅಲ್ಲ ಎಂದು ತಲೆಯಾಡಿಸಿದರು. ಬಾಗಿಲು ತೋರಿಸಿದರು. ಮತ್ತೆ ಮತ್ತೆ ಬಾಗಿಲನ್ನೇ. ಅಂಚೆಗೆ ಹಾಕಬೇಡ ಅಕ್ಕಾ, ನೀನೇ ತೆಗೆದುಕೊಂಡು ಬಾ. ಭಾವನನ್ನೂ ಕರೆದುಕೊಂಡು ಬಾ, ಬಟ್ಟಲು ಕಾದಿದೆ. ಬಳೆ ಕಳೆದಿದ್ದರೆ, ಯಾರೋ ತೊಳೆದಿದ್ದರೆ, ಬರಿಗೈಲಿ ಬಾ. ಹೆಪ್ಪು ಹಾಕುವಾಗ ಕೂಗಲು ಈ ಮನೆಯಲ್ಲಿ ಗಂಟಲಿಲ್ಲ. ಚಿಕ್ಕವಳಿದ್ದಾಗ ನೀನು ಕೂಗಿದರೆ ಶ್ಯೂರ್ ಮನೆಯ ಹಸು ಬೇಲಿ ಹಾರುತ್ತಿತ್ತು. ಅಪ್ಪನಿಗೆ ಕಿವಿ ಇನ್ನೂ ಕೇಳಿಸುತ್ತದೆ. ಬಸ್ಸು ಬಂತು.