ದುಮ್ಮವಾಡದ ದಾರಿಯ ನಾಯಿಗಳು

ಕಿರಣ್ಯಾ,

ಒಂದು ಬೂಟಿನ ಲೇಸು ಕಟ್ಟಿ, ಇನ್ನೊಂದನ್ನು ಹಾಗೇ ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಅವಸರದ ಅಕ್ಷರ ನೋಡಿ ನಗಬೇಡ.

ಎಮ್ಮೆಗೆ ಹಿಂಡಿ ನೆನೆಹಾಕಿದ್ದೇನೆ, ಮರೆಯದೆ ಇಡು. ಡಬ್ಬಿಯಲ್ಲಿದ್ದ ಜೋಳವನ್ನೆಲ್ಲ ತೂಕಕ್ಕೆಂದು ಬೆನ್ನಚೀಲಕ್ಕೆ ತುಂಬಿಕೊಂಡಿದ್ದೇನೆ. ಅವ್ವ ಕೇಳಿದರೆ ಜೋಳ ಗಿರಣಿಗೆ ಹೋಗಿದೆ, ಅಕ್ಕ ದುಮ್ಮವಾಡದ ಚಿಗವ್ವನ ಮನೆಗೆ ಹೋಗಿದ್ದಾಳೆ ಅನ್ನು. ಎರಡನೆಯದು ಸುಳ್ಳಲ್ಲ. ಅಲ್ಲೇ ಮಲಗಿ, ನಾಳೆ ಓಡುತ್ತಲೇ ವಾಪಸ್ ಬರುತ್ತೇನೆ.

ಹೋದ ವಾರ ದುಮ್ಮವಾಡದ ದಾರಿಯ ಕೆರೆಯ ಏರಿ ಮೇಲೆ ನಾಯಿಗಳು ಸುತ್ತುವರಿದಾಗ ನನ್ನ ಕಾಲೇ ಏಳಲಿಲ್ಲ. ಫೋನ್ ಮಾಡಿದೆ, ನೀನು ಬಂದು ಕರೆತಂದೆ. ಅಂದಿನಿಂದ ಓಣಿಯಲ್ಲಿ ನಾಯಿಮರಿ ಬೊಗಳಿದರೂ ಎದೆ ಧಸಕ್ಕೆನ್ನುತ್ತದೆ. ಮುಂದಿನ ತಿಂಗಳ ಓಟದ ಸ್ಪರ್ಧೆಯಲ್ಲಿ ಮೂರು ದಿನ ಚೀಲ ಹೊತ್ತು ಒಬ್ಬಳೇ ಓಡಬೇಕು. ಅಲ್ಲಿ ಕರೆದರೆ ಬರುವವರು ಯಾರೂ ಇಲ್ಲ.

"ಅಕ್ಕಾ, ನಾ ಹಿಂದಿಂದ ಗಾಡಿ ಮ್ಯಾಲೆ ಬರ್ತೇನಿ. ನಾಯಿ ಕಂಡ್ರ ಹತ್ತಿಬಿಡು" ಅಂತ ನಿನ್ನೆ ನೀನು ಅಂದಾಗ ಹೂಂ ಅನ್ನಬೇಕೆನಿಸಿತ್ತು, ಈಗಲೂ ಅನಿಸುತ್ತಿದೆ. ಆದರೆ ಹಿಂದೆ ನಿನ್ನ ಗಾಡಿಯ ಸದ್ದು ಕೇಳುತ್ತಿದ್ದರೆ ಮೊದಲ ನಾಯಿ ಕಂಡ ಕೂಡಲೇ ಹತ್ತಿ ಕೂತುಬಿಡುತ್ತೇನೆ.

ನೀನು ಬರಬೇಡ.